ಪಂಚ್ ಹಿಡಿಯುವವರು ಯಾರು? ಮಂಗಳೂರು–ಉಡುಪಿಯ ಹೇರ್ ಟ್ರಾನ್ಸ್‌ಪ್ಲಾಂಟ್ ಪ್ಯಾಕೇಜುಗಳ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ‘ಅನ್‌ಲಿಮಿಟೆಡ್ ಗ್ರಾಫ್ಟ್, ಒಂದೇ ದರ’ ಎಂದು ಮಾರುವ ಪ್ಯಾಕೇಜನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಮಿತಿಯಿಲ್ಲದಷ್ಟು ಗ್ರಾಫ್ಟ್ ಯಾರ ತಲೆಯಲ್ಲೂ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಹಿಂದಲೆ ಮತ್ತು ಕಿವಿಯ ಮೇಲಿನ ಪಟ್ಟಿಯ ಕೂದಲು, ಬೋಳುತನ ತರುವ ಡಿಎಚ್‌ಟಿ ಹಾರ್ಮೋನಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಅದಕ್ಕೇ ಅಲ್ಲಿಂದ ತೆಗೆದು ಮುಂದೆ ನೆಡುವುದು. ಈ ಡೋನರ್ ಪಟ್ಟಿಯ ವಿಸ್ತಾರ ಸುಮಾರು 200 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 65ರಿಂದ 85 ಬುಡ, ಒಂದೊಂದು ಬುಡದಲ್ಲಿ 1ರಿಂದ 4 ಕೂದಲು. ಕ್ಲಿನಿಕ್‌ನವರು ಗ್ರಾಫ್ಟ್ ಎನ್ನುವುದು ಈ ಬುಡಕ್ಕೆ. 70ರಂತೆ ಹಿಡಿದರೂ ಒಟ್ಟು 14,000. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದರೆ ಹಿಂದಲೆಯ ಚರ್ಮ ಕಾಣಲು ಶುರುವಾಗುತ್ತದೆ. ಹಾಗಾಗಿ ಅದಕ್ಕೂ ಮೊದಲೇ ನಿಲ್ಲಿಸಬೇಕು, ಬಹುತೇಕರಿಗೆ ಜೀವಮಾನಕ್ಕೆ ಸಿಗುವುದು 5,000ದಿಂದ 6,000 ಗ್ರಾಫ್ಟ್. ನೆತ್ತಿಯವರೆಗೂ ಬೋಳಾದವರಿಗೆ 200 ಚದರ ಸೆಂಟಿಮೀಟರ್ ತುಂಬಿಸಲು 35ರಂತೆ 7,000 ಬೇಕು. ಅಂದರೆ ಪೂರ್ತಿ ಬೋಳು ಪೂರ್ತಿ ತುಂಬುವುದಿಲ್ಲ. ಇದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳುವ ವೈದ್ಯರಿಗೆ ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ.

ಈಗ ದರ. ಇಲ್ಲಿ ಕೇಳಿಬರುವುದು ಗ್ರಾಫ್ಟ್‌ಗೆ 30–40 ರೂಪಾಯಿಯಿಂದ ಹಿಡಿದು ನೂರರ ಆಚೆಗೂ ಹೋಗುತ್ತದೆ. 45 ರೂಪಾಯಿಯಂತೆ 2,500 ಗ್ರಾಫ್ಟ್ ಅಂದರೆ 1,12,500. ರಕ್ತಪರೀಕ್ಷೆ, ಔಷಧ, ನಂತರದ ಪಿಆರ್‌ಪಿ (ಸ್ವಂತ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಚುಚ್ಚುವ) ಸಿಟ್ಟಿಂಗ್ ಇದರೊಳಗೆ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಆಸ್ಪತ್ರೆಯ ಉಳಿದ ಚಿಕಿತ್ಸೆಗಳಿಗಿರುವ ಜಿಎಸ್‌ಟಿ ವಿನಾಯಿತಿ ಕೂದಲು ಕಸಿಗೆ ಇಲ್ಲ. ‘ಟ್ಯಾಕ್ಸ್ ಬೇರೆ’ ಎಂಬ ಮಾತು ಬಿಲ್ ಕೌಂಟರಿನಲ್ಲಿ ಮೊದಲ ಸಲ ಕಿವಿಗೆ ಬೀಳಬಾರದು. ಆರೋಗ್ಯ ವಿಮೆಯಲ್ಲೂ ಸೌಂದರ್ಯ ಚಿಕಿತ್ಸೆ ಹೊರಗಿಟ್ಟ ಬಾಬತ್ತು. ಆಮೇಲೆ ಏನಾದರೂ ತೊಡಕಾಗಿ ದಾಖಲಾದರೆ ಆ ಖರ್ಚಿಗೂ ವಿಮೆಯವರು ತಕರಾರು ತೆಗೆಯಬಹುದು.

ಗ್ರಾಫ್ಟ್ ಲೆಕ್ಕದಲ್ಲಿ ಒಂದು ಹಳೆಯ ಕೈಚಳಕ ಉಂಟು. ಎರಡು ಕೂದಲಿನ ಬುಡವನ್ನು ಸೀಳಿ ಎರಡು ಒಂಟಿ ಗ್ರಾಫ್ಟ್ ಮಾಡಿದರೆ ಬಿಲ್ ದುಪ್ಪಟ್ಟಾಗುತ್ತದೆ, ತಲೆಗೆ ಬರುವ ಕೂದಲು ಅಷ್ಟೇ ಇರುತ್ತದೆ. ಹಣೆಯಂಚಿನ ಮೊದಲ ಸಾಲುಗಳಿಗೆ ಒಂಟಿ ಗ್ರಾಫ್ಟ್ ಬೇಕೇ ಬೇಕು, ಇಲ್ಲದಿದ್ದರೆ ಬ್ರಷ್ಷಿನಂತೆ ಕಾಣುತ್ತದೆ. ಆದರೆ ಅದಕ್ಕೆ ಕೆಲವು ನೂರು ಸಾಕು. ಒಟ್ಟಾರೆ ಸರಾಸರಿ ಒಂದು ಗ್ರಾಫ್ಟಿಗೆ ಎರಡು ಕೂದಲಿನ ಆಸುಪಾಸು ಇರಬೇಕು. ಒಂಟಿ ಎಷ್ಟು, ಜೋಡಿ ಎಷ್ಟು, ಮೂರರದ್ದು ಎಷ್ಟು ಎಂದು ಬರೆದ ಟ್ಯಾಲಿ ಹಾಳೆ ಕೇಳಿ. ಕೊಡಲು ತಡವರಿಸುವ ಕಡೆ ಗ್ರಾಫ್ಟ್ ಲೆಕ್ಕದಲ್ಲಿ ದುಡ್ಡು ಕೊಡಬೇಡಿ.

ಕೆಲಸದ ದಿನ ಒಟ್ಟು 6ರಿಂದ 8 ಗಂಟೆ ಹಿಡಿಯುತ್ತದೆ. ಹಿಂದಲೆಯನ್ನು ಸುಮಾರು ಒಂದು ಮಿಲಿಮೀಟರಿಗೆ ಟ್ರಿಮ್ ಮಾಡಿ, ಮರಗಟ್ಟಿಸಿ, 0.8–0.9 ಮಿ.ಮೀ. ಅಗಲದ ಪಂಚ್ ಎಂಬ ಕೊಳವೆಯಂಥ ಸಾಧನದಿಂದ ಒಂದೊಂದೇ ಬುಡದ ಸುತ್ತ ಕೊರೆದು ಎತ್ತುತ್ತಾರೆ. ತೊಂದರೆ ಇರುವುದು ಇಲ್ಲೇ. ಚರ್ಮದ ಮೇಲೆ ಕೂದಲು ವಾಲಿದ ಕೋನ ಒಂದು, ಒಳಗೆ ಬೇರು ಹೋಗಿರುವ ಕೋನ ಇನ್ನೊಂದು. ಗುಂಗುರು ಕೂದಲಾದರೆ ಬೇರೂ ಬಾಗಿರುತ್ತದೆ. ಮೇಲಿನ ಕೋನ ನೋಡಿ ಕಣ್ಣುಮುಚ್ಚಿ ಕೊರೆದರೆ ಬೇರು ತುಂಡಾಗುತ್ತದೆ. ನುರಿತ ಕೈಯಲ್ಲಿ ಹೀಗಾಗುವುದು ನೂರಕ್ಕೆ ಐದರೊಳಗೆ. ದಿನಕ್ಕೆ ಮೂರು ಕೇಸ್ ಮುಗಿಸುವ ಧಾವಂತವಿದ್ದಲ್ಲಿ ಎಷ್ಟಾಗುತ್ತದೆ ಎಂದು ಯಾರೂ ಬರೆದಿಡುವುದಿಲ್ಲ.

ತಟ್ಟೆಯಲ್ಲಿ ತಣ್ಣಗಿನ ಸಲೈನಿನಲ್ಲಿ ಸಾಲಾಗಿ ಇಟ್ಟ ಗ್ರಾಫ್ಟ್‌ಗಳನ್ನು ತೋರಿಸಿ ಎಂದು ಕೇಳಿದರೆ ತಪ್ಪಿಲ್ಲ. ಒಳ್ಳೆಯ ಗ್ರಾಫ್ಟಿನ ಬುಡದಲ್ಲಿ ಪುಟ್ಟ ಗಡ್ಡೆ ಇಡಿಯಾಗಿರುತ್ತದೆ, ಸುತ್ತ ತೆಳುವಾದ ಬಿಳಿ ಕೊಬ್ಬು ಅಂಟಿಕೊಂಡಿರುತ್ತದೆ. ಗಡ್ಡೆಯಿಲ್ಲದೆ ಕಡ್ಡಿ ಮುರಿದಂತೆ ಚೂಪಾಗಿದ್ದರೆ ಬೇರು ಒಳಗೇ ಉಳಿದಿದೆ ಎಂದರ್ಥ. ಕೊಬ್ಬೆಲ್ಲ ಬಿಟ್ಟುಹೋಗಿ ಬೆತ್ತಲಾಗಿದ್ದರೆ ನೆಡುವಾಗ ಚಿಮಟದ ಒತ್ತಡಕ್ಕೇ ಸಾಯುತ್ತದೆ. ಒಣಗಲು ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನೇಜಿ ಕಿತ್ತು ಬಿಸಿಲಿಗೆ ಬದುವಿನ ಮೇಲೆ ಬಿಟ್ಟರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಫ್ಯಾನಿನ ಕೆಳಗೆ ಒಣ ಗಾಜ್ ಬಟ್ಟೆಯ ಮೇಲೆ ಗ್ರಾಫ್ಟ್ ಹರಡಿಟ್ಟ ಕೋಣೆ ಕಂಡರೆ ಅಲ್ಲಿಗೆ ಮುಗಿಯಿತು. ದೇಹದಿಂದ ಹೊರಗಿದ್ದಷ್ಟು ಹೊತ್ತೂ ಬದುಕುವ ಪ್ರಮಾಣ ಇಳಿಯುತ್ತಲೇ ಹೋಗುವುದರಿಂದ, ಎಲ್ಲವನ್ನೂ ಒಟ್ಟಿಗೆ ತೆಗೆದು ಮಧ್ಯಾಹ್ನ ಊಟ ಮುಗಿಸಿ ನೆಡುವ ಪದ್ಧತಿಗಿಂತ ತೆಗೆದಂತೆ ನೆಡುತ್ತಾ ಹೋಗುವ ತಂಡ ಮೇಲು.

‘ಡಿಎಚ್‌ಐ’, ‘ಸಫಾಯರ್’ ಮುಂತಾದ ಹೆಸರುಗಳಿಗೆ ಹೆಚ್ಚು ದುಡ್ಡು ಕೇಳುತ್ತಾರೆ. ಮೊದಲನೆಯದು ಪೆನ್ನಿನಂಥ ಸಾಧನದಿಂದ ನೆಡುವುದು, ಎರಡನೆಯದು ರಂಧ್ರ ಕೊರೆಯುವ ಬ್ಲೇಡಿನ ಜಾತಿ. ಬುಡ ಎತ್ತುವ ಕೆಲಸ ಎರಡರಲ್ಲೂ ಒಂದೇ, ಫಲಿತಾಂಶ ನಿಂತಿರುವುದೂ ಅದರ ಮೇಲೇ. ಎಕ್ಸೋಸೋಮ್ ಇಂಜೆಕ್ಷನ್ ಎಂದು ಸೇರಿಸಿದರೆ ಕೈಬಿಡಿ. ಅಂಥ ಯಾವ ಉತ್ಪನ್ನಕ್ಕೂ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿಲ್ಲ.

ಇನ್ನು ಪಂಚ್ ಹಿಡಿಯುವವರ ವಿಷಯ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ: ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗದಲ್ಲಿ ಸ್ನಾತಕೋತ್ತರ ತರಬೇತಿ ಪಡೆದ ನೋಂದಾಯಿತ ವೈದ್ಯರು ಮಾಡಬೇಕು; ಕಾರ್ಯಾಗಾರದಲ್ಲಿ ಕೂತು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ. ಟೆಕ್ನಿಷಿಯನ್ನರು ವೈದ್ಯರ ಕಣ್ಣೆದುರು ಸಹಾಯ ಮಾಡಬಹುದು, ಅಷ್ಟೇ. ಬೋರ್ಡಿನಲ್ಲಿ ವೈದ್ಯರ ಹೆಸರಿದ್ದು, ಕೌನ್ಸೆಲಿಂಗ್‌ಗೆ ಟಾರ್ಗೆಟ್ ಹೊತ್ತ ಹುಡುಗನೊಬ್ಬ ಕೂತು, ಕೊರೆಯುವುದು ಇನ್ಯಾರೋ ಆದರೆ ಆ ಹೆಸರಿನಿಂದ ನಿಮಗೇನೂ ಸಿಗಲಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ‘ಹಣೆಯಂಚು ಬರೆಯುವುದು, ಇಂಜೆಕ್ಷನ್ ಕೊಡುವುದು, ಪಂಚ್ ಮಾಡುವುದು, ರಂಧ್ರ ಕೊರೆಯುವುದು, ಈ ನಾಲ್ಕೂ ಡಾಕ್ಟ್ರೇ ಮಾಡ್ತಾರಾ?’ ನೆಡುವುದನ್ನು ಅನುಭವಸ್ಥ ಸಹಾಯಕರು ಮಾಡುವುದು ಎಲ್ಲೆಡೆ ಇರುವ ಕ್ರಮ. ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಬಹುದು. ಕ್ಲಿನಿಕ್ಕಿನ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಸಂಖ್ಯೆ ಬಾಗಿಲಲ್ಲೇ ಕಾಣುವಂತಿರಬೇಕು.

ಮರಗಟ್ಟಿಸುವ ಔಷಧವನ್ನು ‘ಬರೀ ಲೋಕಲ್’ ಎಂದು ಹಗುರಾಗಿ ಹೇಳುವುದುಂಟು. ಅಡ್ರಿನಲಿನ್ ಬೆರೆಸಿದ ಲಿಡೊಕೇನಿನ ಮಿತಿ ದೇಹತೂಕದ ಕಿಲೋಗೆ 7 ಮಿಲಿಗ್ರಾಂ. 60 ಕಿಲೋದವರಿಗೆ 420 ಮಿಲಿಗ್ರಾಂ, ಅಂದರೆ ಶೇಕಡಾ 2ರ ದ್ರಾವಣದಲ್ಲಿ 21 ಎಂ.ಎಲ್. ಹಿಂದಲೆಗೆ ಒಮ್ಮೆ, ಹಣೆಗೆ ಇನ್ನೊಮ್ಮೆ, ಮಧ್ಯೆ ನೋವು ಅಂದಾಗ ಮತ್ತೊಂದು ಸಿರಿಂಜ್, ಹೀಗೆ ಲೆಕ್ಕವಿಡದೆ ಕೊಡುತ್ತಾ ಹೋದರೆ ಮಿತಿ ದಾಟುವುದು ಕಷ್ಟವಲ್ಲ. ತುಟಿಯ ಸುತ್ತ ಜುಮುಗುಡುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು ವಿಷವೇರಿಕೆಯ ಮೊದಲ ಲಕ್ಷಣಗಳು. ನಂತರ ಅಪಸ್ಮಾರ, ಹೃದಯದ ಲಯ ತಪ್ಪುವುದು. ಅದಕ್ಕಿರುವ ಪ್ರತ್ಯೌಷಧ ಶೇಕಡಾ 20ರ ಲಿಪಿಡ್ ಎಮಲ್ಷನ್. ಅದು, ಆಮ್ಲಜನಕ, ಮಾನಿಟರ್, ಡಿಫಿಬ್ರಿಲೇಟರ್ ಆ ಕೋಣೆಯಲ್ಲಿ ಇವೆಯೇ? ಮಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಬರಗಾಲವಿಲ್ಲ, ನಿಜ. ಆದರೆ ಪಂಪ್‌ವೆಲ್ಲಿನ ಸಂಜೆಯ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ನಿಂತಿರುವಾಗ ಆ ಮಾತಿನಿಂದ ಪ್ರಯೋಜನವಿಲ್ಲ. 2024ರಲ್ಲಿ ನಗರದ್ದೇ ಒಂದು ಕಾಸ್ಮೆಟಿಕ್ ಕ್ಲಿನಿಕ್ಕಿನಲ್ಲಿ ಸಣ್ಣದೆಂದು ಹೇಳಿದ ಶಸ್ತ್ರಚಿಕಿತ್ಸೆಗೆ ಹೋದ ಯುವಕ ತೀರಿಕೊಂಡದ್ದನ್ನು ಊರಿನವರು ಮರೆತಿಲ್ಲ. ಅದು ಕೂದಲಿನ ಕೇಸ್ ಆಗಿರಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ.

ಬೇಡಿಕೆಯೂ ಈಗ ಬೇರೆಯಾಗಿದೆ. ನಲವತ್ತು ದಾಟಿದವರ ಜಾಗದಲ್ಲಿ 24–25ರ ಹುಡುಗರು ಬರುತ್ತಿದ್ದಾರೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಆಗಬೇಕೆಂದು. ಈ ವಯಸ್ಸಿನಲ್ಲಿ ಉದುರುವಿಕೆ ಎಲ್ಲಿಗೆ ನಿಲ್ಲುತ್ತದೆಂದು ಗೊತ್ತಾಗಿರುವುದಿಲ್ಲ. ಹಣೆಯಂಚನ್ನು ಹದಿನೆಂಟರ ಹುಡುಗನಂತೆ ಕೆಳಗೆ ಎಳೆದು 2,500 ನೆಟ್ಟರೆ, ಹತ್ತು ವರ್ಷದಲ್ಲಿ ಅದರ ಹಿಂದಿನ ಸ್ವಂತ ಕೂದಲು ಹೋಗಿ ಮುಂದೆ ಒಂದು ಪಟ್ಟಿ, ಹಿಂದೆ ಬಯಲು ಎಂಬಂತಾಗುತ್ತದೆ. ಹುಬ್ಬುಗಳ ನಡುವಿನಿಂದ 7–8 ಸೆಂಟಿಮೀಟರ್ ಮೇಲೆ ಗೆರೆ ಎಳೆಯುವ ವೈದ್ಯರ ಜತೆ ವಾದಿಸಬೇಡಿ. ಮಿನಾಕ್ಸಿಡಿಲ್, ವೈದ್ಯರು ಬರೆದುಕೊಟ್ಟರೆ ಫಿನಾಸ್ಟರೈಡ್, ಉದುರುವಿಕೆ ತಡೆಯುವ ಈ ಔಷಧಗಳನ್ನು ಒಂದು ವರ್ಷ ಬಳಸಿ ನೋಡಿ ಎಂದು ಹೇಳಿ ವಾಪಸ್ ಕಳಿಸುವವರು ಗಿರಾಕಿ ಕಳೆದುಕೊಳ್ಳುತ್ತಿದ್ದಾರೆ, ನಿಮ್ಮ ಡೋನರ್ ಉಳಿಸುತ್ತಿದ್ದಾರೆ. ಫಿನಾಸ್ಟರೈಡಿನಿಂದ ಕೆಲವರಿಗೆ ಲೈಂಗಿಕ ಅಡ್ಡಪರಿಣಾಮಗಳಾಗುತ್ತವೆ. ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಅದು ಸುಮಾರು ಅರ್ಧಕ್ಕಿಳಿಸುವುದರಿಂದ ಮುಂದೆ ಆ ಪರೀಕ್ಷೆ ಮಾಡಿಸುವಾಗ ವೈದ್ಯರಿಗೆ ತಿಳಿಸಬೇಕು.

ದುಬೈ, ದಮ್ಮಾಮಿನಿಂದ ಒಂದು ತಿಂಗಳ ರಜೆಯಲ್ಲಿ ಬರುವವರಿಗಾಗಿಯೇ ‘ಗಲ್ಫ್ ಪ್ಯಾಕೇಜ್’ ಮಾರುವವರಿದ್ದಾರೆ. ಕ್ಯಾಲೆಂಡರ್ ನೋಡಿಕೊಳ್ಳಿ. ಎರಡನೇ ಅಥವಾ ಮೂರನೇ ದಿನ ಮೆಲ್ಲನೆ ತೊಳೆಯುವುದು ಶುರು. ಮೂರು–ನಾಲ್ಕನೇ ದಿನ ಹಣೆಯ ಊತ ಇಳಿದು ಕಣ್ಣಿಗೆ ಬರುತ್ತದೆ, ಹೆದರಬೇಕಾಗಿಲ್ಲ. ಹೆಕ್ಕಳೆ ಬೀಳುವುದು 7ರಿಂದ 10 ದಿನಕ್ಕೆ. ಎರಡನೇ ವಾರದಿಂದ ಆರನೇ ವಾರದೊಳಗೆ ನೆಟ್ಟ ಕೂದಲೂ ಉದುರುತ್ತದೆ. ಬೇರು ಒಳಗೆ ಇರುತ್ತದೆ. ಅಕ್ಕಪಕ್ಕದ ಹಳೆಯ ಕೂದಲೂ ಆಘಾತಕ್ಕೆ ಸ್ವಲ್ಪ ಹೋಗಬಹುದು. ಅಂದರೆ ಬಜ್ಪೆಯಲ್ಲಿ ವಿಮಾನ ಹತ್ತುವಾಗ ಬಂದಾಗ ಇದ್ದದ್ದಕ್ಕಿಂತ ಕಡಿಮೆ ಕೂದಲು. ಮೊಳಕೆ ಮೂರು–ನಾಲ್ಕು ತಿಂಗಳಿಗೆ, ಪೂರ್ಣ ರೂಪ 12 ತಿಂಗಳಿಗೆ, ನೆತ್ತಿಗೆ ಇನ್ನೂ ಹೆಚ್ಚು. ಮದುವೆಗೆ ಮೂರು ತಿಂಗಳಿದೆ ಎಂದು ಮಾಡಿಸಿದರೆ ಫೋಟೊದಲ್ಲಿ ಸಿಗುವುದು ಅತಿ ಕೆಟ್ಟ ಹಂತ.

ಕರಾವಳಿಯ ಬದುಕಿಗೆ ತಕ್ಕ ಸೂಚನೆಗಳನ್ನು ಕೊಡುವ ಕ್ಲಿನಿಕ್ ಕಡಿಮೆ, ಹೊರಗಿನಿಂದ ಬಂದ ಅಚ್ಚು ಹಾಳೆ ಕೈಗಿಡುತ್ತಾರೆ. ಮೊದಲ ಹತ್ತು ದಿನ ಹೆಲ್ಮೆಟ್ ಬೇಡ, ಅಂದರೆ ಸ್ಕೂಟರೇ ಬೇಡ. ಪಣಂಬೂರು, ಮಲ್ಪೆಯ ಸಮುದ್ರಸ್ನಾನ, ಈಜುಕೊಳ ಒಂದು ತಿಂಗಳು ಬಿಡಬೇಕು. ತಲೆಗೆ ತೆಂಗಿನೆಣ್ಣೆ ತಿಕ್ಕುವುದು ಮೂರು ವಾರದ ನಂತರ, ಅದೂ ಉಗುರು ತಾಗದಂತೆ. ಏಪ್ರಿಲ್–ಮೇ ಸೆಕೆಯಲ್ಲಿ ಬೆವರಿಗೆ ಕೂದಲ ಬುಡದಲ್ಲಿ ಕೀವುಗುಳ್ಳೆ ಏಳುವುದು ಜಾಸ್ತಿ. ಮಳೆಗಾಲವೇ ವಾಸಿ, ಕೊಡೆಯ ಕಡ್ಡಿ ತಲೆಗೆ ತಾಗದಂತೆ ನೋಡಿಕೊಂಡರಾಯಿತು. ಯಕ್ಷಗಾನ ಕಲಾವಿದರಿಗಂತೂ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆಯೇ ಇದನ್ನು ಯೋಚಿಸುವುದು ಸರಿ. ರಾತ್ರಿಯಿಡೀ ಬಿಗಿಯಾಗಿ ಕಟ್ಟಿದ ತಲೆಯ ಬಟ್ಟೆ, ಅದರ ಮೇಲೆ ಕಿರೀಟದ ಭಾರವನ್ನು ಹೊಸ ಗ್ರಾಫ್ಟ್ ತಡೆಯದು. ಹಣೆಯಂಚಿನ ಕೂದಲು ಹೋದದ್ದೇ ಆ ಎಳೆತದಿಂದಾದರೆ ಮೊದಲು ಕಟ್ಟುವ ಕ್ರಮ ಬದಲಾಗಬೇಕು.

ಯಾರ ಬಳಿ ಹೋಗುವುದು? ಹೊರಗಿನ ಚೈನ್ ಕ್ಲಿನಿಕ್ಕುಗಳಲ್ಲಿ ಎಸಿ, ಇಎಂಐ, ಫೋನಿನ ಫಾಲೋಅಪ್ ಚೆನ್ನಾಗಿರುತ್ತದೆ. ವೈದ್ಯರು ತಿಂಗಳಿಗೊಮ್ಮೆ ಬದಲಾಗುವುದು ಮತ್ತು ‘ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟ್’ ಎಂಬ ಒತ್ತಡ ಅದರ ದೌರ್ಬಲ್ಯ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗದಲ್ಲಿ ಈ ಸೇವೆ ಇದ್ದರೆ ಸುರಕ್ಷತೆಯಲ್ಲಿ ಅದಕ್ಕೇ ಹೆಚ್ಚು ಅಂಕ, ಐಸಿಯು ಅದೇ ಕಟ್ಟಡದಲ್ಲಿರುತ್ತದೆ. ಕಾಯಬೇಕು, ಹಣೆಯಂಚಿನ ನಾಜೂಕಿನಲ್ಲಿ ವೈದ್ಯರಿಂದ ವೈದ್ಯರಿಗೆ ವ್ಯತ್ಯಾಸವೂ ಉಂಟು. ದಿನಕ್ಕೆ ಒಂದೇ ಕೇಸ್ ತೆಗೆದುಕೊಳ್ಳುವ, ತಾನೇ ಪಂಚ್ ಹಿಡಿಯುವ ಸ್ಥಳೀಯ ತಜ್ಞರ ದರ ಹೆಚ್ಚು. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಸಮಸ್ಯೆ ಇಲ್ಲದವರಿಗೆ ನಮ್ಮ ಮೊದಲ ಆಯ್ಕೆ ಇದು. ಇರುವವರು ಆಸ್ಪತ್ರೆಯನ್ನೇ ಹಿಡಿಯಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೂದಲಿನ ಕ್ಲಿನಿಕ್ಕಿನವರು ಹೇಳಿದರೆಂದು ನಿಲ್ಲಿಸಬಾರದು, ಅದನ್ನು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ಕಾಗದಪತ್ರ ಇಟ್ಟುಕೊಳ್ಳಿ: ವೈದ್ಯರ ಹೆಸರಿರುವ ಒಪ್ಪಿಗೆ ಪತ್ರ, ಕೊಟ್ಟ ಔಷಧದ ಪ್ರಮಾಣ, ಟ್ಯಾಲಿ ಹಾಳೆ, ಜಿಎಸ್‌ಟಿ ಬಿಲ್. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶ. ಫಲಿತಾಂಶ ಗೊತ್ತಾಗಲು ಅದರಲ್ಲೇ ಒಂದು ವರ್ಷ ಕಳೆದಿರುತ್ತದೆ. ಕ್ಲಿನಿಕ್ಕಿನ ನೋಂದಣಿಯ ಬಗ್ಗೆ ತಕರಾರಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಬೇಕು. ಮತ್ತು ಹಳೆಯ ಕೇಸುಗಳ ಫೋಟೊ ತೋರಿಸುವಾಗ ಹಣೆಯ ಫೋಟೊ ಪಕ್ಕಕ್ಕಿಟ್ಟು, ಒಂದು ವರ್ಷದ ನಂತರ ಚಿಕ್ಕದಾಗಿ ಕಟ್ಟಿಂಗ್ ಮಾಡಿಸಿದ ಹಿಂದಲೆಯ ಫೋಟೊ ಕೇಳಿ. ಅಲ್ಲಿ ನುಸಿ ತಿಂದ ಬಟ್ಟೆಯಂತೆ ತೇಪೆ ತೇಪೆಯಾಗಿ ಕಂಡರೆ ದರ ಕೇಳುವ ಅಗತ್ಯವೇ ಇಲ್ಲ.