ಎಲ್ಲರ ಜೊತೆ ಹೊಂದ್ಕೊಳ್ಳೋ ನಾಯಿ ನಮ್ಮನ್ನ ಕಾಯುತ್ತಾ? ಮರಿನಾಯಿಗಳ ಸೋಶಿಯಲೈಸೇಶನ್ ಕ್ಲಾಸ್ ಬಗ್ಗೆ ನನ್ನ ರಿವ್ಯೂ

ಹೊಸ ಜನ, ಹೊಸ ಸದ್ದು, ಬೇರೆ ನಾಯಿ ಇವೆಲ್ಲಾ ಮರಿಗೆ ರೂಢಿ ಮಾಡಿಸೋ ಕ್ಲಾಸ್ ಇದು. ನಮ್ಮ ಎಂಟು ವಾರದ ಬ್ಯಾಚ್ ಮುಗಿದು ಎರಡು ವರ್ಷದ ಮೇಲಾಯ್ತು, ರಿವ್ಯೂ ಈಗ ಬರೀತಿದೀನಿ. ಬೇಕಂತಲೇ ಕಾದೆ. ಕ್ಲಾಸ್ ಮುಗಿದ ದಿನ ಎಲ್ಲಾ ಮರಿಗಳೂ ಮುದ್ದಾಗೇ ಕಾಣ್ತವೆ, ಅದೇ ಮರಿ ದೊಡ್ಡದಾದ್ಮೇಲೆ ಯಾರೋ ಬಾಗಿಲು ತಟ್ಟಿದ್ರೆ ಏನ್ ಮಾಡುತ್ತೆ, ಮಗು ಬಂದು ಬಾಲ ಹಿಡ್ಕೊಂಡ್ರೆ ಏನ್ ಮಾಡುತ್ತೆ, ನಮಗೇ ನಿಜವಾಗ್ಲೂ ತೊಂದ್ರೆ ಬಂದ ದಿನ ಏನ್ ಮಾಡುತ್ತೆ ಅನ್ನೋದು ಗೊತ್ತಾಗೋಕೆ ಟೈಮ್ ಹಿಡಿಯುತ್ತೆ. ಈಗ ಗೊತ್ತಾಗಿದೆ, ಅದಕ್ಕೇ ಬರೀತಿದೀನಿ.

ನಮ್ಮ ಚುಕ್ಕಿ ಮಿಕ್ಸ್ ಬ್ರೀಡ್, ಹೆಣ್ಣು. ಎಂಟು ವಾರದ ಮರಿಯಾಗಿದ್ದಾಗ ಮನೆಗೆ ಬಂದ್ಲು. ಮನೇಲಿ ನಾನು, ಅಮ್ಮ ಇಬ್ರೇ, ಹಾಗಾಗಿ ನೋಡಿದವರೆಲ್ಲಾ ಕೊಟ್ಟ ಬುದ್ಧಿವಾದ ಒಂದೇ, ಯಾರ ಕೈಲೂ ಮುಟ್ಟಿಸಬೇಡಿ, ಎಲ್ಲರನ್ನೂ ನೋಡಿ ಬಾಲ ಆಡಿಸೋ ನಾಯಿ ಆಮೇಲೆ ಕಳ್ಳನಿಗೂ ಬಾಲ ಆಡಿಸುತ್ತೆ ಅಂತ. ನಾನೂ ನಂಬಿದೆ. ಮೊದಲು ಮನೆಗೇ ಬರೋ ಒಬ್ಬ ಟ್ರೈನರನ್ನ ಗೊತ್ತು ಮಾಡಿದ್ವಿ, ಅವರೂ ಅದೇ ಮಾತು ಹೇಳಿದ್ರು, ಮರಿನ ಒಂದ್ಕಡೆ ಕಟ್ಟಿ, ಗೋಣಿಚೀಲ ಬೀಸಿ ರೇಗಿಸಿ, ಬೊಗಳಿದ್ರೆ ಶಹಬ್ಬಾಸ್ ಅನ್ನೋದು. ಮೂರು ವಾರ ಹೀಗೇ ನಡೀತು. ಮೂರನೇ ವಾರದ ಹೊತ್ತಿಗೆ ಕಾಲಿಂಗ್ ಬೆಲ್ ಆದ್ರೆ ಸಾಕು ಮರಿ ನಿಂತಲ್ಲೇ ಉಚ್ಚೆ ಹೊಯ್ಕೊಳ್ತಿತ್ತು. ಅಣ್ಣನ ಮಗ, ಆರು ವರ್ಷದವನು, ಪ್ರೀತಿಯಿಂದ ಬಗ್ಗಿದ್ದಕ್ಕೆ ಅವನ ಕೈಗೇ ಬಾಯಿ ಹಾಕಿದ್ಲು, ಹಲ್ಲು ಚರ್ಮಕ್ಕೆ ತಾಗಿತು ಅಷ್ಟೇ, ರಕ್ತ ಬರ್ಲಿಲ್ಲ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಮಾರನೇ ದಿನ ವ್ಯಾಕ್ಸಿನ್‌ಗೆ ಹೋದಾಗ ಡಾಕ್ಟರ್ ಹತ್ರ ಹೇಳ್ಕೊಂಡೆ. ಅವರು ಮರಿನ ನೋಡಿ, ಇದು ಕಾವಲಲ್ಲಮ್ಮಾ, ಭಯ, ಇವತ್ತೇ ಕ್ಲಾಸಿಗೆ ಸೇರಿಸಿ ಅಂದ್ರು. ಹಾಗೆ ಸಿಕ್ಕಿದ್ದು ಈ ಕ್ಲಾಸ್.

ಚಿಕ್ಕ ಕ್ಲಾಸ್ ಇದು, ಒಬ್ರು ಟ್ರೈನರ್ ಮೇಡಮ್, ಒಬ್ಬ ಅಸಿಸ್ಟೆಂಟ್ ಹುಡುಗ, ಬ್ಯಾಚಿಗೆ ಆರೇ ಮರಿ. ಬಾಗಿಲಲ್ಲೇ ವ್ಯಾಕ್ಸಿನ್ ಕಾರ್ಡ್ ನೋಡ್ತಾರೆ, ನೆಲ ಒರೆಸಿರ್ತಾರೆ. ಎಲ್ಲಾ ಡೋಸ್ ಮುಗಿಯೋವರೆಗೂ ಮರಿನ ಹೊರಗೇ ತರಬಾರದು ಅನ್ನೋ ಮಾತು ಕಿವಿಗೆ ಬಿದ್ದಿತ್ತು, ಅದನ್ನೇ ಮೇಡಮ್ ಹತ್ರ ಕೇಳಿದೆ. ಅಮೆರಿಕನ್ ವೆಟರ್ನರಿ ಸೊಸೈಟಿ ಆಫ್ ಅನಿಮಲ್ ಬಿಹೇವಿಯರ್ ಅನ್ನೋ ಪಶುವೈದ್ಯರ ಸಂಘ 2008ರಲ್ಲೇ ಇದರ ಬಗ್ಗೆ ಹೇಳಿಕೆ ಕೊಟ್ಟಿದೆಯಂತೆ, ಏಳೆಂಟು ವಾರದ ಮರಿನ ಮೊದಲ ಡೋಸ್ ಆಗಿ ಕನಿಷ್ಠ 7 ದಿನ ಆದ್ಮೇಲೆ, ಜಂತಿನ ಔಷಧಿನೂ ಒಂದ್ಸಲ ಕೊಟ್ಟು, ಕ್ಲಾಸಿಗೆ ಕರ್ಕೊಂಡು ಬರಬಹುದು ಅಂತ. ಸಿಕ್ಕ ಸಿಕ್ಕ ನಾಯಿ ಓಡಾಡೋ ಜಾಗಕ್ಕೆ ಬಿಡೋದು ಬೇರೆ, ಕ್ಲೀನಾದ ಕ್ಲಾಸಿಗೆ ತರೋದು ಬೇರೆ. ಮನೆಗೆ ಬಂದ್ಮೇಲೆ ನಾನೂ ಹುಡುಕಿ ಓದಿದೆ, ಹೌದು, ಹಾಗೇ ಇದೆ.

ಚುಕ್ಕಿಗೆ ಆಗ 12 ವಾರ. ಮೇಡಮ್ ವಯಸ್ಸು ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ್ರು. ಮರಿಗೆ ಮೂರನೇ ವಾರದಿಂದ ಹೆಚ್ಚುಕಮ್ಮಿ 12-14ನೇ ವಾರದವರೆಗೆ ಒಂದು ಕಿಟಕಿ ತೆರೆದಿರುತ್ತೆ, ಆ ಟೈಮಲ್ಲಿ ಏನೇನು ನೋಡುತ್ತೋ ಅದೆಲ್ಲಾ ಲೋಕದಲ್ಲಿ ಮಾಮೂಲು ಅಂತ ತಲೇಲಿ ಕೂತ್ಕೊಳ್ಳುತ್ತೆ, ಆಮೇಲೆ ಕಂಡಿದ್ದೆಲ್ಲಾ ಅನುಮಾನದ ಲೆಕ್ಕಕ್ಕೆ ಹೋಗುತ್ತೆ. 1961ರಲ್ಲಿ ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಲ್ಯಾಬೊರೇಟರಿ ಕಡೆಯವರು ಪ್ರಕಟಿಸಿದ ಪ್ರಯೋಗದಲ್ಲಿ 14 ವಾರದವರೆಗೂ ಮನುಷ್ಯರ ಸಂಪರ್ಕನೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಮನುಷ್ಯರ ಹತ್ರ ಸರಿಯಾಗಿ ಹೊಂದ್ಕೊಳ್ಳಲೇ ಇಲ್ಲ, ಕಾಡುಪ್ರಾಣಿ ತರ ದೂರ ಓಡ್ತಿದ್ವು. ನಾನು ಆ ಕಿಟಕಿಯ ಮೂರು ವಾರನ ಗೋಣಿಚೀಲಕ್ಕೆ ಕಳ್ಕೊಂಡಿದ್ದೆ. ಈಗ ನೆನೆಸ್ಕೊಂಡ್ರೂ ಹೊಟ್ಟೆ ಉರಿಯುತ್ತೆ.

ಇನ್ನು ಕ್ಲಾಸಲ್ಲಿ ಏನು ಮಾಡಿಸ್ತಾರೆ ಅಂದ್ರೆ, ಮೊದಲ ದಿನ ಏನೂ ಮಾಡಿಸಲ್ಲ. ಆರು ಮರಿ, ಆರು ಚಾಪೆ, ನಡುವೆ ಪರದೆ. ಅಸಿಸ್ಟೆಂಟ್ ಹುಡುಗ ಒಂದು ಕೊಡೆ ಹಿಡ್ಕೊಂಡು ದೂರದಲ್ಲಿ ಸುಮ್ನೆ ನಡೀತಾನೆ, ಮರಿ ನೋಡಿತಾ, ಟ್ರೀಟ್. ಇನ್ನೊಂದ್ಸಲ ಹೆಲ್ಮೆಟ್ ಹಾಕ್ಕೊಂಡು ಬರ್ತಾನೆ, ರೇನ್‌ಕೋಟ್ ಹಾಕ್ಕೊಂಡು ಬರ್ತಾನೆ, ಊರುಗೋಲು ಹಿಡ್ಕೊಂಡು ಕುಂಟ್ತಾ ಬರ್ತಾನೆ, ವೀಲ್‌ಚೇರಲ್ಲಿ ಬರ್ತಾನೆ. ಪಾತ್ರೆ ಬಿದ್ದ ಸದ್ದು, ಮಗು ಅಳೋ ಸದ್ದು ಫೋನಲ್ಲಿ ಮೆಲ್ಲಗೆ ಶುರು ಮಾಡಿ ಆಮೇಲಾಮೇಲೆ ಜೋರು ಮಾಡ್ತಾರೆ. ಚುಕ್ಕಿ ಮೊದಲೆರಡು ಕ್ಲಾಸ್ ನನ್ನ ಕುರ್ಚಿ ಕೆಳಗಿಂದ ಹೊರಗೇ ಬರ್ಲಿಲ್ಲ. ನಾನು ಎಳೆಯೋಕೆ ಹೋದ್ರೆ ಮೇಡಮ್ ತಡೆದ್ರು, ಅವಳೇ ಬರ್ಲಿ ಬಿಡಿ, ನೀವು ಎಳೆದ್ರೆ ಕೊಡೆ ಜೊತೆ ನಿಮ್ಮ ಮೇಲೂ ಭಯ ಸೇರ್ಕೊಳ್ಳುತ್ತೆ ಅಂದ್ರು. ಮೂರನೇ ಕ್ಲಾಸಲ್ಲಿ ಮೂತಿ ಹೊರಗೆ ಬಂತು, ನಾಲ್ಕನೇದರಲ್ಲಿ ಅವಳೇ ಎದ್ದು ಹೋಗಿ ವೀಲ್‌ಚೇರಿನ ಚಕ್ರ ಮೂಸಿ ನೋಡಿ ವಾಪಸ್ ನನ್ನ ಹತ್ರ ಬಂದು ಕೂತ್ಲು, ನಂಗೆ ಕಣ್ಣಲ್ಲಿ ನೀರು ಬಂದ್ಬಿಡ್ತು.

ಇಲ್ಲಿ ನಂಗಿದ್ದ ಒಂದು ತಪ್ಪು ಕಲ್ಪನೆ ಹೋಯ್ತು, ಬಹಳ ಜನಕ್ಕೆ ಇದೇ ಇರುತ್ತೆ. ಸೋಶಿಯಲೈಸ್ ಮಾಡೋದು ಅಂದ್ರೆ ಬಂದವರ ಕೈಲೆಲ್ಲಾ ಮುದ್ದು ಮಾಡಿಸೋದು ಅಲ್ಲ. ಕ್ಲಾಸಲ್ಲಿ ಅರ್ಧಕ್ಕರ್ಧ ಟೈಮ್ ಬೇರೆಯವರು ಮರಿನ ಮುಟ್ಟೋದೇ ಇಲ್ಲ. ಹೊಸಬರು ಇರ್ತಾರೆ, ಹೋಗ್ತಾರೆ, ಅದರಿಂದ ನಿಂಗೇನೂ ಆಗ್ಬೇಕಿಲ್ಲ ಅಂತ ಮರಿ ಕಲೀಬೇಕು. ಜನರನ್ನ ಕಂಡ ತಕ್ಷಣ ಹಾರಿ ಮೈಮೇಲೆ ಬೀಳೋ ಮರಿಗೂ ಅವರು ಚುಕ್ಕಿಗೆ ಕೊಟ್ಟಷ್ಟೇ ಗಮನ ಕೊಡ್ತಿದ್ರು. ಕೊನೇ ದಿನದ ಟೆಸ್ಟ್ ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ಶುರು ಮಾಡಿದ ಕೆನೈನ್ ಗುಡ್ ಸಿಟಿಝನ್ ಪರೀಕ್ಷೆ ನೋಡ್ಕೊಂಡು ಮಾಡಿದ್ದು, ಅದರಲ್ಲಿ 10 ಐಟಂ ಇರುತ್ತೆ, ಅಪರಿಚಿತರು ಬಂದು ನಮ್ಮ ಜೊತೆ ಮಾತಾಡಿದ್ರೆ ನಾಯಿ ಸುಮ್ನಿರಬೇಕು, ಇನ್ನೊಂದು ನಾಯಿ ಪಕ್ಕದಲ್ಲಿ ಹೋದ್ರೆ ಎಳೀಬಾರದು, ಹೀಗೆ. ಮರಿಗಳಿಗೆ ಅಂತ ಸ್ವಲ್ಪ ಸಡಿಲ ಮಾಡಿದ್ರು.

ಗುರ್ ಅಂದ್ರೆ ಬೈಬೇಡಿ ಅನ್ನೋ ಪಾಠಕ್ಕಂತೂ ನಾನು ಜೀವನಪೂರ್ತಿ ಋಣಿ. ಗುರ್ ಅನ್ನೋದು ನಾಯಿ ಕೊಡೋ ಎಚ್ಚರಿಕೆ, ಅದನ್ನ ಹೊಡೆದು ಬಡಿದು ನಿಲ್ಲಿಸಿದ್ರೆ ಒಳಗಿನ ಭಯ ಹಾಗೇ ಇರುತ್ತೆ, ಎಚ್ಚರಿಕೆ ಮಾತ್ರ ಹೋಗುತ್ತೆ, ಮುಂದಿನ ಸಲ ಸೀದಾ ಹಲ್ಲೇ. ಗುರ್ ಅನ್ನೋಕೂ ಮುಂಚೆ ಏನೇನ್ ಮಾಡುತ್ತೆ ಅಂತ ವಿಡಿಯೋ ನಿಲ್ಲಿಸಿ ನಿಲ್ಲಿಸಿ ತೋರಿಸಿದ್ರು, ಮೂತಿ ನೆಕ್ಕೊಳ್ಳೋದು, ನಿದ್ದೆ ಬರದಿದ್ರೂ ಆಕಳಿಸೋದು, ಮುಖ ಆಕಡೆ ತಿರುಗಿಸಿ ಕಣ್ಣು ಮಾತ್ರ ಈಕಡೆ ಇಡೋದು, ಆಗ ಕಣ್ಣಿನ ಬಿಳಿ ಭಾಗ ಕಾಣುತ್ತೆ. ಅಣ್ಣನ ಮಗನ ಮುಂದೆ ಅವತ್ತು ಚುಕ್ಕಿ ಇದಿಷ್ಟನ್ನೂ ಮಾಡಿದ್ಲು, ನಂಗೆ ಓದೋಕೆ ಬಂದಿರ್ಲಿಲ್ಲ.

ಕಾಯೋ ವಿಷಯನ ನಾನು ನೇರವಾಗೇ ಕೇಳ್ದೆ, ಇಷ್ಟು ಸಾಧು ಆದ್ಮೇಲೆ ನಮಗೆ ತೊಂದ್ರೆ ಆದ್ರೆ ಬರ್ತಾಳಾ ಅಂತ. ಮೇಡಮ್ ಖಂಡಿತ ಬರ್ತಾಳೆ ಅಂತ ಹೇಳ್ಲಿಲ್ಲ, ಅದಕ್ಕೇ ನಂಗೆ ಅವರ ಮೇಲೆ ನಂಬಿಕೆ ಬಂದಿದ್ದು. ಎರಡು ಪ್ರಯೋಗ ಹೇಳಿದ್ರು. 2006ರಲ್ಲಿ ಕೆನಡಾದ ವೆಸ್ಟರ್ನ್ ಒಂಟಾರಿಯೋ ಯೂನಿವರ್ಸಿಟಿಯವರು ಮಾಡಿದ್ದು, ಮಾಲೀಕರು ಹಾರ್ಟ್ ಅಟ್ಯಾಕ್ ಆದಂಗೆ ನಟಿಸಿ ಬಿದ್ರೆ ನಾಯಿಗಳು ಹತ್ರ ಇದ್ದ ಮನುಷ್ಯರ ಹತ್ರ ಸಹಾಯ ಕೇಳ್ಕೊಂಡು ಹೋಗ್ಲಿಲ್ಲ. ಇನ್ನೊಂದು 2020ರಲ್ಲಿ ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯವರು ಪ್ರಕಟಿಸಿದ್ದು, ದೊಡ್ಡ ಪೆಟ್ಟಿಗೆ ಒಳಗೆ ಮಾಲೀಕರು ಕೂತು ಕಾಪಾಡು ಅಂತ ಕೂಗೋದು, ಬಾಗಿಲು ಹಗುರದ್ದು, ನಾಯಿ ಸರಿಸಬಹುದು, ಯಾವ ನಾಯಿಗೂ ಟ್ರೈನಿಂಗ್ ಕೊಟ್ಟಿರ್ಲಿಲ್ಲ. 60ರಲ್ಲಿ 20 ನಾಯಿ ಬಾಗಿಲು ತೆಗೆದ್ವು. ಕಮ್ಮಿ ಅನ್ಸುತ್ತೆ ಅಲ್ವಾ, ಆದ್ರೆ ಅದೇ ಪೆಟ್ಟಿಗೇಲಿ ತಿಂಡಿ ಹಾಕಿದಾಗ ತೆಗೆದಿದ್ದು 19 ನಾಯಿ. ತಿಂಡಿಗೆ ಬಾಗಿಲು ತೆಗೆಯೋಕೆ ಬಂದ ಆ 19ರಲ್ಲಿ 16 ಮಾಲೀಕರನ್ನೂ ಬಿಡಿಸಿದ್ವು. ಅಂದ್ರೆ ಬಹಳ ನಾಯಿಗೆ ಮನಸ್ಸಿರುತ್ತೆ, ಹೇಗೆ ಅಂತ ತಿಳಿಯಲ್ಲ. ನಮ್ಮ ಗಾಬರಿ ಅವಕ್ಕೂ ಅಂಟ್ಕೊಳ್ಳುತ್ತೆ, ಮಾಲೀಕರು ಕೂಗಿದಾಗ ನಾಯಿಗಳು ಜಾಸ್ತಿ ಕುಂಯ್‌ಗುಟ್ಟಿದ್ವು ಅಂತಾನೂ ಅದರಲ್ಲೇ ಬರುತ್ತೆ.

ಆಮೇಲೆ ಮೇಡಮ್ ಹೇಳಿದ ಮಾತು ನನ್ನ ತಲೇಲಿ ಕೂತಿದೆ. ಎಲ್ಲರಿಗೂ ಬೊಗಳೋ ನಾಯಿಗೆ ಪೋಸ್ಟ್‌ಮ್ಯಾನೂ ಒಂದೇ ಕಳ್ಳನೂ ಒಂದೇ, ಅದು ತನ್ನ ಭಯಕ್ಕೆ ಬೊಗಳುತ್ತೆ, ಪೋಸ್ಟ್‌ಮ್ಯಾನ್ ಹೇಗಿದ್ರೂ ವಾಪಸ್ ಹೋಗ್ತಾನೆ, ನಾನು ಬೊಗಳಿದ್ದಕ್ಕೇ ಹೋದ ಅಂತ ಅದು ಕಲಿಯುತ್ತೆ, ದಿನಾ ಜಾಸ್ತಿ ಆಗುತ್ತೆ. ಸಾವಿರ ಮಾಮೂಲು ಮನುಷ್ಯರನ್ನ ನೋಡಿರೋ ನಾಯಿಗೆ ಸಾವಿರದ ಒಂದನೆಯವನ ನಡಿಗೆ ಸರಿ ಇಲ್ಲ ಅಂತ ಬೇಗ ತಿಳಿಯುತ್ತೆ. ಇನ್ನೊಂದು, ಮಡಿಲಲ್ಲಿ ಕೂತ್ಕೊಂಡು ಮನೆಯವರೇ ಹತ್ರ ಬಂದ್ರೂ ಗುರ್ ಅನ್ನೋ ನಾಯಿ ನಮ್ಮನ್ನ ಕಾಯ್ತಿಲ್ಲ, ಮೂಳೆ ಕಾದಂಗೆ ನಮ್ಮನ್ನ ತನ್ನ ಸ್ವತ್ತು ಅಂತ ಹಿಡ್ಕೊಂಡಿದೆ, ಅದನ್ನ ಪ್ರೀತಿ ಅಂತ ಬೆಳೆಸಬೇಡಿ ಅಂದ್ರು. ನಮ್ಮ ಬ್ಯಾಚಿನ ಒಬ್ರು ಸುಳ್ಳು ಜಗಳ ಮಾಡಿ ಟೆಸ್ಟ್ ಮಾಡೋಣ್ವಾ ಅಂತ ಕೇಳಿದ್ದಕ್ಕೆ ಖಡಾಖಂಡಿತವಾಗಿ ಬೇಡ ಅಂದ್ರು, ಇಷ್ಟು ವಾರ ಕಟ್ಟಿದ ನಂಬಿಕೆನ ಒಂದು ನಾಟಕಕ್ಕೆ ಒಡೆಯೋದ್ಯಾಕೆ.

ಚುಕ್ಕಿಗೆ ಎರಡು ವರ್ಷ ತುಂಬೋಕೆ ಮುಂಚೆ ಒಂದಿನ ಸಂಜೆ ವಾಕಿಂಗ್ ಹೋಗಿದ್ವಿ, ಬೀದಿದೀಪ ಇರ್ಲಿಲ್ಲ. ಹಿಂದಿಂದ ಒಬ್ಬ ಬಂದು ಟೈಮ್ ಎಷ್ಟು ಅಂತ ಕೇಳ್ದ, ಹೇಳ್ದೆ, ಹೋಗ್ಲಿಲ್ಲ, ಪಕ್ಕಕ್ಕೆ ಪಕ್ಕಕ್ಕೆ ಬಂದ, ಇದ್ದಕ್ಕಿದ್ದಂಗೆ ನನ್ನ ಬ್ಯಾಗಿನ ಪಟ್ಟಿಗೆ ಕೈ ಹಾಕ್ದ. ನನ್ನ ಗಂಟಲಿಂದ ಸ್ವರ ಬರ್ಲಿಲ್ಲ. ಅಷ್ಟರಲ್ಲಿ ಚುಕ್ಕಿ ನಮ್ಮಿಬ್ಬರ ನಡುವೆ ಬಂದು ನಾಲ್ಕೂ ಕಾಲು ಊರಿ ನಿಂತಿದ್ಲು, ಬೆನ್ನ ಮೇಲಿನ ಕೂದಲು ನೆಟ್ಟಗಾಗಿತ್ತು, ಎದೆಯಾಳದಿಂದ ಬೊಗಳಿದ್ಲು, ಆ ದನಿ ನಾನು ಅವತ್ತಿನವರೆಗೆ ಕೇಳೇ ಇರ್ಲಿಲ್ಲ. ಕಚ್ಚಲಿಲ್ಲ. ಅವನು ಕೈ ಬಿಟ್ಟು ಹಿಂದೆ ಸರಿದ, ಇವಳು ಅಟ್ಟಿಸ್ಕೊಂಡು ಹೋಗ್ಲಿಲ್ಲ, ಅಲ್ಲೇ ನಿಂತು ನೋಡ್ತಾನೇ ಇದ್ಲು. ಅವನು ತಿರುವಲ್ಲಿ ಮರೆಯಾದ್ಮೇಲೆ ನಾನು ಚುಕ್ಕಿ ಅಂದೆ, ನಡುಗೋ ದನೀಲಿ. ತಿರುಗಿ ಬಂದು ನನ್ನ ಕಾಲಿಗೆ ಮೈ ಒತ್ತಿ ನಿಂತ್ಲು. ಹತ್ತು ನಿಮಿಷದೊಳಗೆ ಪಕ್ಕದ ಮನೆ ಅಜ್ಜ ಸದ್ದು ಕೇಳಿ ಕೋಲು ಊರ್ಕೊಂಡು ಏನಾಯ್ತಮ್ಮ ಅಂತ ಬಂದ್ರು, ಅದೇ ಕತ್ತಲು, ಅದೇ ಜಾಗ, ಚುಕ್ಕಿ ಅವರ ಕೈ ಮೂಸಿ ಬಾಲ ಮೆಲ್ಲಗೆ ಆಡಿಸಿದ್ಲು. ನಾನು ಆ ಕ್ಲಾಸಿಗೆ ಕೊಡೋ ಮಾರ್ಕ್ಸ್ ಎಲ್ಲಾ ಆ ಹತ್ತು ನಿಮಿಷಕ್ಕೆ.

ಅವಳಿಗೆ ಎಲ್ಲಾ ಅರ್ಥ ಆಗಿತ್ತು ಅಂತ ನಾನು ಹೇಳಲ್ಲ. ಮೇಡಮ್‌ಗೆ ಫೋನ್ ಮಾಡಿದಾಗ ಶಹಬ್ಬಾಸ್ ಅನ್ನೋಕೂ ಮುಂಚೆ ಲೀಶ್ ಬಿಗಿಯಾಗಿತ್ತಾ, ನೀವು ಉಸಿರು ಹಿಡ್ಕೊಂಡಿದ್ರಾ, ಎಷ್ಟು ಹೊತ್ತಿಗೆ ಅವಳ ಮೈ ಸಡಿಲ ಆಯ್ತು ಅಂತೆಲ್ಲಾ ಕೇಳಿದ್ರು. ನನ್ನ ಮೈ ಹೇಳಿದ್ದನ್ನ ಅವಳು ಓದಿದ್ಲು ಅಂತ ಅವರ ಲೆಕ್ಕ. ಎರಡು ಮೂರು ದಿನ ಮನೇಲೇ ತಣ್ಣಗೆ ಇರಿಸಿ, ಆಮೇಲೆ ಅದೇ ರಸ್ತೇಲಿ ಹಗಲು ಹೊತ್ತಲ್ಲಿ ಟ್ರೀಟ್ ಕೊಡ್ತಾ ನಡೆಸಿ, ಇಲ್ದಿದ್ರೆ ಆ ರಸ್ತೇಲಿ ಕಂಡವರೆಲ್ಲಾ ಕಳ್ಳರಾಗ್ತಾರೆ ಅಂದ್ರು. ಹಾಗೇ ಮಾಡಿದ್ವಿ. ಕ್ಲಾಸ್ ಮುಗಿದು ಅಷ್ಟು ದಿನ ಆದ್ಮೇಲೂ ಫೋನಲ್ಲಿ ಅರ್ಧ ಗಂಟೆ ಮಾತಾಡಿದ್ರು.

ಕೊರತೆ ಇಲ್ವಾ ಅಂದ್ರೆ ಇದೆ. ಎಂಟು ತಿಂಗಳ ಹೊತ್ತಿಗೆ, ಪ್ರಾಯಕ್ಕೆ ಬರೋ ಟೈಮಲ್ಲಿ, ಚುಕ್ಕಿ ಕೊಡೆ ಹಿಡಿದವರಿಗೆ ಮತ್ತೆ ಗುರ್ ಅನ್ನೋಕೆ ಶುರು ಮಾಡಿದ್ಲು, ಈ ವಯಸ್ಸಲ್ಲಿ ಭಯ ವಾಪಸ್ ಬರಬಹುದು ಅಂತ ಕ್ಲಾಸಲ್ಲಿ ಒಂದೇ ಒಂದು ಸಾಲು ಹೇಳಿದ್ರು, ಅದನ್ನ ಬರ್ಕೊಟ್ಟಿದ್ರೆ ನಾನು ಎರಡು ವಾರ ಗಾಬರಿ ಬೀಳ್ತಿರ್ಲಿಲ್ಲ. ಫಾಲೋಅಪ್ ಬ್ಯಾಚಿಗೆ ಜಾಗ ಸಿಗೋಕೆ ಬಹಳ ಕಾಯ್ಬೇಕು. ಒಂದ್ಸಲ ದೊಡ್ಡ ಜಾತಿ ಮರಿ ಜೊತೆ ಪುಟಾಣಿ ಮರಿನ ಆಟಕ್ಕೆ ಬಿಟ್ರು, ಪುಟಾಣಿ ಹೆದರಿ ಕೂಗ್ತು, ತಕ್ಷಣ ಬಿಡಿಸಿದ್ರು ಆದ್ರೆ ಮೊದಲೇ ಬೇರೆ ಮಾಡ್ಬೇಕಿತ್ತು. ದಿನಾ ಡೈರಿ ಬರೀಬೇಕು, ಇವತ್ತು ಎಷ್ಟು ಹೊಸ ಸದ್ದು, ಎಷ್ಟು ಹೊಸ ಜನ, ಮರಿ ಹೇಗಿತ್ತು ಅಂತ, ಕೆಲಸಕ್ಕೆ ಹೋಗೋರಿಗೆ ಇದು ಕಷ್ಟ, ಆದ್ರೂ ಬಿಡಬೇಡಿ, ಯಾವ ವಾರ ಭಯ ಕಮ್ಮಿ ಆಯ್ತು ಅಂತ ನಂಗೆ ಗೊತ್ತಾಗಿದ್ದು ಅದರಿಂದಾನೇ.

ಸೇರೋರು ಮರಿಗೆ ಎಂಟು ವಾರ ಆಗೋ ಮುಂಚೆನೇ ಹೆಸರು ಬರೆಸಿ, ಮನೆ ವಾಸನೆ ಇರೋ ಒಂದು ಹಳೇ ಬಟ್ಟೆ ತಗೊಂಡು ಹೋಗಿ, ಮನೇಲಿರೋರೆಲ್ಲಾ ಸರದಿ ಮೇಲೆ ಹೋಗಿ. ನಮ್ಮಲ್ಲಿ ನಾನೊಬ್ಳೇ ಹೋಗಿದ್ದು ತಪ್ಪಾಯ್ತು, ಈಗ್ಲೂ ಅಮ್ಮ ಲೀಶ್ ಹಿಡಿದ್ರೆ ಚುಕ್ಕಿ ನನ್ನನ್ನೇ ಹುಡುಕ್ತಾಳೆ. ಫಾಲೋಅಪ್ ಬ್ಯಾಚಲ್ಲಿ ಕೊನೆಗೂ ಜಾಗ ಸಿಕ್ಕಿದೆ, ಭಾನುವಾರದಿಂದ ಶುರು, ಈ ಸಲ ಅಮ್ಮನೇ ಹೋಗ್ತಾರಂತೆ, ಟ್ರೀಟ್ ಹಾಕ್ಕೊಳ್ಳೋಕೆ ಆಗ್ಲೇ ಒಂದು ಚಿಕ್ಕ ಚೀಲ ಹೊಲ್ಕೊಂಡಿದಾರೆ.