ಟೀನೋ ಕಾಫಿನೋ? ಸ್ಪೋಕನ್ ಇಂಗ್ಲಿಷ್ ಆ್ಯಪ್ ಜೊತೆ 14 ತಿಂಗಳು

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮೂರೇ ರೂಮು. ಬೆಂಗಳೂರಿನವರು ಬಂದರೆ ಕನ್ನಡದಲ್ಲೇ ನಡೆಯುತ್ತದೆ. ಹೊರಗಿನವರು ಬಂದಾಗ ಮಾತ್ರ ನನ್ನ ಬಾಯಿ ಕಟ್ಟುತ್ತಿತ್ತು. ಹಾಗಾಗಿ ದುಡ್ಡು ಕೊಟ್ಟು ಈ ಆ್ಯಪ್ ಹಾಕಿಕೊಂಡೆ.

ಹೋಂಸ್ಟೇ ನಡೆಸುವವರಿಗೆ ಬೆಳಗಿನಿಂದ ರಾತ್ರಿಯವರೆಗೆ ಇರುವುದು ಒಂದೇ ಮಾತು, ಇದು ಬೇಕೋ ಅದು ಬೇಕೋ. ಕಡುಬೋ ಅಕ್ಕಿ ರೊಟ್ಟಿಯೋ, ಜೀಪೋ ನಡಿಗೆಯೋ. ಮೊದಲು ನಾನು 'ಯು ವಾಂಟ್ ಟೀ ಆರ್ ಕಾಫಿ' ಎನ್ನುತ್ತಿದ್ದೆ. (ಕಾಫಿ ತೋಟದ ನಡುವೆ ಕೂತು ಟೀ ಕೇಳುವವರೇ ಜಾಸ್ತಿ, ಅದು ಬೇರೆ ಸಂಕಟ.) ಅರ್ಥ ಆಗುತ್ತಿತ್ತು, ಆದರೆ ಒರಟು. 'ವುಡ್ ಯು ಲೈಕ್ ಟೀ ಆರ್ ಕಾಫಿ' ಅನ್ನಬೇಕು ಅಂತ ಆ್ಯಪ್ ಕಲಿಸಿತು. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ 'ಯು' ಒಂದೇ ಅಲ್ವಾ? ನಾವು 'ಕುಡೀತೀಯಾ' ಬಿಟ್ಟು 'ಕುಡೀತೀರಾ' ಅಂದು ಕೊಡುವ ಮರ್ಯಾದೆಯನ್ನು ಅಲ್ಲಿ 'ವುಡ್' ಕೊಡುತ್ತದೆ. ಇದು ಹೊಳೆದ ದಿನ ಅರ್ಧ ಹೆದರಿಕೆ ಹೋಯಿತು. 'ವುಡ್ ಯು ಪ್ರಿಫರ್ ಟು ವಾಕ್ ಆರ್ ಟೇಕ್ ದ ಜೀಪ್' ಈಗ ತಡವರಿಸದೆ ಬರುತ್ತದೆ.

ಇದರಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ರಾಗದ ಪಾಠ. 'ಟೀ' ಹತ್ತಿರ ದನಿ ಏರಬೇಕು, 'ಕಾಫಿ' ಹತ್ತಿರ ಇಳಿಯಬೇಕು. ನಾನು 'ಟೀನೋ ಕಾಫಿನೋ' ಅಂದ ಹಾಗೆ ಎರಡನ್ನೂ ಏರಿಸುತ್ತಿದ್ದೆ. ಹಾಗೆ ಕೇಳಿದರೆ 'ಕುಡಿಯೋಕೆ ಏನಾದರೂ ತರಲಾ' ಅನ್ನುವಂತೆ ಕೇಳಿಸುತ್ತದೆ. ಒಬ್ಬರು 'ಯೆಸ್ ಪ್ಲೀಸ್' ಅಂದು ಸುಮ್ನೆ ಕೂತರು. ನಾನು ಯಾವುದಕ್ಕೆ ಯೆಸ್ ಅಂತ ತಿಳಿಯದೆ ಒಳಗೆ ಹೋಗಿ ಎರಡನ್ನೂ ಮಾಡಿಕೊಂಡು ಬಂದೆ.

ಕೊರತೆ ಎಲ್ಲಿ ಅಂದರೆ, ಕೇಳುವುದನ್ನು ಕಲಿಸುತ್ತದೆ, ಉತ್ತರ ಅರ್ಥ ಮಾಡಿಕೊಳ್ಳುವುದನ್ನು ಕಲಿಸುವುದಿಲ್ಲ. ಇನ್ನೊಂದು ಲೋಟ ಕಾಫಿ ಬೇಕಾ ಅಂತ ಕೇಳಿದಾಗ ಒಬ್ಬ ಹೆಂಗಸು 'ಐ ಆಮ್ ಗುಡ್' ಅಂದರು. ಕಾಫಿ ಚೆನ್ನಾಗಿದೆ ಅಂದರೇನೋ ಅಂತ ಖುಷಿಯಿಂದ ಸುರಿದೇ ಬಿಟ್ಟೆ. ಪಾಪ, ಕುಡಿದರು. ಅದರರ್ಥ 'ಬೇಡ, ಸಾಕು' ಅಂತ ಆಮೇಲೆ ಮಗಳು ಹೇಳಿದಳು. 'ಐ ಡೋಂಟ್ ಮೈಂಡ್' ಅಂದರೆ 'ಯಾವುದಾದರೂ ಆದೀತು' ಅಂತಲೂ ಅವಳೇ ಹೇಳಿದ್ದು. ಅಲ್ಲಿಯವರೆಗೆ ಅವರಿಗೆ ಬೇಜಾರಾಗಿದೆ ಅಂತಲೇ ತಿಳಿದಿದ್ದೆ.

ಉದಾಹರಣೆಗಳೂ ಬರೀ ಪಿಜ್ಜಾ, ಬರ್ಗರ್. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಪಾಠ ಇಳಿಸಿಟ್ಟುಕೊಳ್ಳಲೂ ಬರುವುದಿಲ್ಲ.

ಐದಕ್ಕೆ ಮೂರು ಸ್ಟಾರ್. ನಾಲ್ಕು ಕೊಡುತ್ತಿದ್ದೆ. ಆದರೆ ವರ್ಷ ಮುಗಿದ ದಿನ ಖಾತೆಯಿಂದ ದುಡ್ಡು ತಾನೇ ಕಟ್ ಆಯಿತು. ಬೇಕೋ ಬೇಡವೋ ಅಂತ ಕೇಳುವುದನ್ನು ಊರಿಗೆಲ್ಲ ಕಲಿಸುವವರು ನನ್ನನ್ನು ಒಂದು ಮಾತು ಕೇಳಲಿಲ್ಲ.