ಟೆಸ್ಟ್ ಸ್ಟ್ರಿಪ್‌ಗೆ ಚಿನ್ನದ ಕಣವೋ, ಕಾಂತೀಯ ಕಣವೋ?

ಗರ್ಭಧಾರಣೆ ಪರೀಕ್ಷೆಯಲ್ಲಿ ಬಳಸುವಂಥ ಟೆಸ್ಟ್ ಸ್ಟ್ರಿಪ್‌ನಲ್ಲಿ ಗೆರೆ ಮೂಡಿಸುವುದು ಅತಿ ಸಣ್ಣ ಕಣಗಳು. ಬರಿಗಣ್ಣಿಗೆ ಗೆರೆ ಕಂಡರೆ ಸಾಕು ಅನ್ನುವವರಿಗೆ ಚಿನ್ನದ ನ್ಯಾನೋಕಣವೇ ಸರಿ. ಸುಮಾರು 40 ನ್ಯಾನೋಮೀಟರ್ ಕಣ, ಎದ್ದು ಕಾಣುವ ಕೆಂಪು. ಗೆರೆಯನ್ನು ಅಳೆಯುವ ಯಂತ್ರ, ಅಂದರೆ ರೀಡರ್, ಬೇಡ.

ಹುಡುಕುವ ವಸ್ತು ತೀರಾ ಕಡಿಮೆ ಇದ್ದರೆ ನನ್ನ ಒಲವು ಐರನ್ ಆಕ್ಸೈಡ್‌ನ ಕಾಂತೀಯ ಕಣದ ಕಡೆಗೆ. ಹುಡುಕುವ ವಸ್ತುವಿಗೆ ಅಂಟಿಕೊಳ್ಳುವ ಪ್ರೋಟೀನ್ ಆದ ಆ್ಯಂಟಿಬಾಡಿ ಹೊದಿಸಿದ ಈ ಕಣಗಳನ್ನು ಮೊದಲು ಮಾದರಿಯಲ್ಲೇ ಬೆರೆಸಬಹುದು. ಬೇಕಾದ್ದನ್ನು ಹಿಡಿದ ಕಣಗಳನ್ನು ಆಯಸ್ಕಾಂತದಿಂದ ಒಂದೆಡೆ ಎಳೆದು, ಉಳಿದ ದ್ರವ ತೆಗೆದು, ಆಮೇಲೆ ಸ್ಟ್ರಿಪ್‌ಗೆ ಹಾಕಬಹುದು. ರಕ್ತದಂಥ ಮಾದರಿಗೆ ಇದು ದೊಡ್ಡ ಅನುಕೂಲ ಅಲ್ವಾ? ಇನ್ನೊಂದು ಲಾಭವೂ ಇದೆ. ಕಣ್ಣಿಗೆ ಕಾಣುವುದು ಸ್ಟ್ರಿಪ್‌ನಲ್ಲಿ ದ್ರವ ಹರಿಯುವ ಪೊರೆಯ ಮೇಲ್ಪದರದ ಬಣ್ಣ ಮಾತ್ರ. ಕಾಂತೀಯ ರೀಡರ್ ಒಳಗೆ ಸಿಕ್ಕಿಕೊಂಡ ಕಣಗಳನ್ನೂ ಅಳೆಯುತ್ತದೆ.

ಆದರೆ ರೀಡರ್ ಖರ್ಚು ಜಾಸ್ತಿ. ಕಣಗಳು ಗಂಟು ಕಟ್ಟಿದರೆ ಪೊರೆಯಲ್ಲಿ ಸರಿಯಾಗಿ ಹರಿಯುವುದಿಲ್ಲ. ಆರಿಸುವ ಮುಂಚೆ ಇದನ್ನೇ ಮೊದಲು ಪರೀಕ್ಷಿಸಿ.